ಮತ ಹಾಕದವನ ಹೆಸರಿನಲ್ಲಿ

ಬ್ರಿಟನ್ನಿನ ‘ಕೇರ್’ ಎಂಬ ಕ್ರೈಸ್ತ ಸೇವಾಸಂಸ್ಥೆ ದೇಶದ ನಾಯಕರಿಗಾಗಿ, ಸಂಸತ್ತಿಗಾಗಿ ಪ್ರಾರ್ಥಿಸಿರೆಂದು ತನ್ನ ಬೆಂಬಲಿಗರನ್ನು ಕೇಳಿಕೊಳ್ಳುತ್ತ ಬಂದಿದೆ. ಅಲ್ಲಿನ ಕಾನೂನಿನಂತೆ ಇಂಥ ಸಂಸ್ಥೆಗಳು ಯಾವ ಪಕ್ಷದ ಪರವಾಗಿಯೂ ಮತ ಕೇಳುವಂತಿಲ್ಲ. ಪ್ರಾರ್ಥನೆಗೆ ಆ ಅಡ್ಡಿಯಿಲ್ಲ. ಆದರೆ ಅದಕ್ಕೆ ಅದರದೇ ಒಂದು ಕಟ್ಟಳೆಯಿದೆ: ತಾನು ಮತ ಹಾಕದವನ ಹೆಸರನ್ನೂ ದೇವರ ಮುಂದೆ ಹೇಳಬೇಕು. ಮನಸ್ಸಿಗೆ ಇದಕ್ಕಿಂತ ಕಷ್ಟದ ಕೆಲಸ ಹೆಚ್ಚಿಲ್ಲ.

ಈ ಕಟ್ಟಳೆ ಬಲು ಹಳೆಯದು. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ಅಪೊಸ್ತಲ ಪೌಲ, ಅರಸರಿಗಾಗಿಯೂ ಅಧಿಕಾರದಲ್ಲಿರುವ ಎಲ್ಲರಿಗಾಗಿಯೂ ಬೇಡಿಕೊಳ್ಳಬೇಕೆನ್ನುತ್ತಾನೆ. ಸಂಪ್ರದಾಯದ ನಂಬಿಕೆಯಂತೆ ಆಗ ರೋಮನ್ನು ಆಳುತ್ತಿದ್ದವನು ಕ್ರೈಸ್ತರನ್ನು ಹಿಂಸಿಸಿದ ನೀರೋ! ಅದಕ್ಕೂ ಶತಮಾನಗಳ ಹಿಂದೆ ಪ್ರವಾದಿ ಯೆರೆಮೀಯ, ಬಾಬೆಲಿಗೆ ಸೆರೆಹೋದ ತನ್ನ ಜನರಿಗೆ ಆ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿರೆಂದು ಬರೆದಿದ್ದ. ಮನೆಮಠ ಕಳೆದುಕೊಂಡು ಕುಳಿತವರಿಗೆ ಆ ಓಲೆ ಕೇಳಿ ಹೇಗಾಗಿರಬೇಡ. ನಮ್ಮ ಕನ್ನಡ ಸಭೆಗಳ ಭಾನುವಾರದ ಆರಾಧನೆಯಲ್ಲೂ ಆಳುವವರಿಗಾಗಿ ಪ್ರಾರ್ಥನೆಯುಂಟು. ರೂಢಿಯಾದದ್ದರಿಂದಲೋ ಏನೋ, ಅದರ ಭಾರ ನಮಗೆ ತಟ್ಟುವುದು ಕಡಿಮೆ.

ಕ್ರಿ.ಶ. 197ರ ಸುಮಾರಿಗೆ ಕಾರ್ಥೇಜಿನ ತೆರ್ತುಲ್ಲಿಯನ್ ಕ್ರೈಸ್ತರ ಪರವಾಗಿ ವಾದಿಸುತ್ತ, ಚಕ್ರವರ್ತಿಗಾಗಿ ನಾವು ಪ್ರಾರ್ಥಿಸುತ್ತೇವೆ, ಆದರೆ ಅವನನ್ನು ದೇವರೆನ್ನಲಾರೆವು ಎಂಬ ನಿಲುವು ತಳೆದ. ಇದರಲ್ಲಿ ರಾಜನಿಷ್ಠೆಗಿಂತ ಹೆಚ್ಚಿನ ಧೈರ್ಯವಿದೆ. ಯಾರಿಗಾಗಿ ಬೇಡುತ್ತೇವೆಯೋ ಅವನಿಗೂ ಕೊರತೆಗಳಿವೆ, ಅವನೂ ಒಬ್ಬನಿಗೆ ಲೆಕ್ಕ ಒಪ್ಪಿಸಬೇಕು ಎಂದು ಸಾರಿದಂತಾಯಿತು. ಜಯಕಾರ ಹಾಕುವವನ ಕಣ್ಣಿಗೆ ನಾಯಕನ ಕೊರತೆ ಬೀಳುವುದಿಲ್ಲ. ಶಾಪ ಹಾಕುವವನಿಗೆ ಅವನು ತಿದ್ದಿಕೊಂಡಾನೆಂಬ ಆಸೆಯಿಲ್ಲ. ಪ್ರಾರ್ಥಿಸುವವನಿಗೆ ಆ ಕಣ್ಣೂ ಬೇಕು, ಆ ಆಸೆಯೂ ಬೇಕು.

ಇಲ್ಲೊಂದು ಅಪಾಯವಿದೆ. ನನಗೆ ಬೇಕಾದ ಕಾಯ್ದೆ ಬರಲಿ, ನನ್ನವರು ಗೆಲ್ಲಲಿ ಎಂಬ ಅರ್ಜಿಯನ್ನೇ ಪ್ರಾರ್ಥನೆಯೆಂದುಕೊಳ್ಳುವುದು ಸುಲಭ. ಕೇರ್ ಸಂಸ್ಥೆಗೆ ಗರ್ಭಪಾತ, ದಯಾಮರಣಗಳ ಕುರಿತು ಖಚಿತ ನಿಲುವುಗಳಿವೆ. ಇರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಎದುರು ನಿಂತವನಿಗೂ ವಿವೇಕ ಕೊಡು ಎಂದು ಬೇಡುವಾಗ, ಆ ವಿವೇಕ ನನ್ನ ಮಾತಿನಂತೆಯೇ ಇರಬೇಕೆಂದು ಹಟ ಹಿಡಿಯಬಾರದು.

ಹಾಗಾದರೆ ಆಳ್ವಿಕೆಯೇ ಅನ್ಯಾಯವಾದಾಗ? ವರ್ಣಭೇದದ ಆಳ್ವಿಕೆಯಿದ್ದ ದಕ್ಷಿಣ ಆಫ್ರಿಕಾದಲ್ಲಿ ಈ ಪ್ರಶ್ನೆ ಬರಿಯ ಚರ್ಚೆಯಾಗಿ ಉಳಿಯಲಿಲ್ಲ. 1976ರ ಜೂನ್ 16ರಂದು ಸೊವೆಟೊದಲ್ಲಿ ಶಾಲಾಮಕ್ಕಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಆ ದಿನವನ್ನು ನೆನೆಯುತ್ತ 1985ರ ಜೂನ್ 16ರಂದು ಅನ್ಯಾಯದ ಆಳ್ವಿಕೆ ಕೊನೆಗಾಣಲೆಂದು ಪ್ರಾರ್ಥಿಸುವಂತೆ ಅಲ್ಲಿನ ಕ್ರೈಸ್ತರಲ್ಲಿ ಹಲವರು ಕರೆಕೊಟ್ಟರು. ಅಲ್ಲಿನ ಧರ್ಮಗುರು ಆಲನ್ ಬೂಸಾಕ್ ಇಂಥ ಕರೆಯ ಮಾತನ್ನು 1979ರಲ್ಲೇ ಎತ್ತಿದ್ದರು. 1985ರ ಕರೆಗೆ ಸಭೆಗಳ ಒಳಗೇ ವಿರೋಧ ಎದ್ದಿತು. ಆಳುವವರಿಗಾಗಿ ಪ್ರಾರ್ಥಿಸಬೇಕೆಂದ ಬೈಬಲನ್ನೇ ಇಟ್ಟುಕೊಂಡು, ಅವರ ಆಳ್ವಿಕೆ ಮುಗಿಯಲಿ ಎಂದು ಬೇಡಬಹುದೇ?

ಬೇಡಬಹುದೆಂದೇ ನನ್ನ ನಂಬಿಕೆ. ಅವರು ಬೇಡಿದ್ದು ವರ್ಣಭೇದದ ಅಧಿಕಾರದ ಕೊನೆಯನ್ನು. ಆ ವ್ಯವಸ್ಥೆಯನ್ನು ನಡೆಸುತ್ತಿದ್ದ ಬಿಳಿಯರ ಆತ್ಮವೂ ಅದರಲ್ಲಿ ಸಿಕ್ಕಿ ನವೆಯುತ್ತಿತ್ತು. ಅಧಿಕಾರ ಕೈಬಿಡುವುದು ಅವರಿಗೂ ಬಿಡುಗಡೆಯೇ. ಹಾಗಾಗಿ ಜೂನ್ 16ರ ಆ ಪ್ರಾರ್ಥನೆಯನ್ನು ನಾಯಕರ ವಿರುದ್ಧದ್ದೆಂದು ನಾನು ಎಣಿಸುವುದಿಲ್ಲ. ಅದು ಅವರಿಗಾಗಿಯೂ ಇತ್ತು.