ಎದೆಯ ಮೇಲಿನ ಹೆಸರು



ಇಂದಿನ ಚಿಂತನೆ ಅಂಗಿಯ ಬಗ್ಗೆ. ಏಪ್ರಿಲ್ 14ಕ್ಕೆ ನಮ್ಮ ಬಳಗದವರೆಲ್ಲ ಬಾಬಾಸಾಹೇಬರ ಚಿತ್ರವಿರುವ ನೀಲಿ ಟೀ ಶರ್ಟ್ ಹಾಕಿಕೊಳ್ಳೋಣ ಎಂದು ಕಳೆದ ಭಾನುವಾರ ತೀರ್ಮಾನವಾಯಿತಲ್ಲ. 60 ಅಂಗಿ, ಪ್ರಿಂಟ್ ಸೇರಿ ಒಂದಕ್ಕೆ 110 ರೂಪಾಯಿ. "ಇಷ್ಟು ಕಮ್ಮಿಗೆ ಹೆಂಗೆ ಕೊಡ್ತಾರೆ ಮೇಷ್ಟ್ರೇ?" ಎಂದು ನಮ್ಮ ಉಪಾಸಿಕೆಯೊಬ್ಬರು ಕೇಳಿದರು. ಹದಿನಾಲ್ಕು ವರ್ಷದಿಂದ ಗಾರ್ಮೆಂಟ್ಸಿನಲ್ಲಿ ಟೈಲರ್ ಆಗಿರುವವರು. "ಹೋಲ್‌ಸೇಲ್ ಅಲ್ವೇನಕ್ಕ" ಎಂದುಬಿಟ್ಟೆ. ಅವರು ಸುಮ್ಮನಾದರು. ಆ ಸುಮ್ಮನಾದದ್ದು ವಾರವೆಲ್ಲ ನನ್ನನ್ನು ಬಿಡಲಿಲ್ಲ. ಅದೇ ಸಭೆಯಲ್ಲಿ ನಾನು ಎರಡನೆಯ ಶೀಲದ ಮೇಲೆ ಮುಕ್ಕಾಲು ಗಂಟೆ ಮಾತಾಡಿದ್ದೆ!

ಆ ಶೀಲವನ್ನು ನಾವು ಮಕ್ಕಳಿಗೆ 'ಕದಿಯಬಾರದು' ಎಂದು ಹೇಳಿಕೊಡುತ್ತೇವೆ. ಪಾಲಿಯ ಪದ ಅದಿನ್ನಾದಾನ. ಅದಿನ್ನ ಎಂದರೆ ಕೊಡದೆ ಇದ್ದದ್ದು, ಆದಾನ ಎಂದರೆ ತೆಗೆದುಕೊಳ್ಳುವುದು. (ಪದ ಬಿಡಿಸುವುದು ಕನ್ನಡ ಮೇಷ್ಟ್ರ ಚಟ, ಕ್ಷಮಿಸಿ.) ಬೀಗ ಒಡೆಯುವ ಮಾತೇ ಇಲ್ಲಿಲ್ಲ. ಉಳ್ಳವರು ತಾವಾಗಿ ಕೊಟ್ಟರೇ ಎಂಬುದಷ್ಟೇ ಪ್ರಶ್ನೆ. ಟಾರ್ಗೆಟ್ ಮುಗಿದಿಲ್ಲವೆಂದು ಊಟದ ಹೊತ್ತಿನಲ್ಲಿ ಹದಿನೈದು ನಿಮಿಷ ಹೊಲಿಸಿಕೊಂಡರೆ ಆ ಹದಿನೈದು ನಿಮಿಷ ಯಾರೂ ಕೊಟ್ಟದ್ದಲ್ಲ. ನಮ್ಮ ರಾಜ್ಯದಲ್ಲೇ 2020ರ ಏಪ್ರಿಲ್‌ನಿಂದ ಕೊಡಬೇಕಿದ್ದ, ತಿಂಗಳಿಗೆ ಸುಮಾರು 417 ರೂಪಾಯಿಯ ತುಟ್ಟಿಭತ್ಯೆಯನ್ನು ಅನೇಕ ಗಾರ್ಮೆಂಟ್ಸ್ ಮಾಲೀಕರು ತಡೆಹಿಡಿದಿದ್ದರು. ಬಾಕಿ ಕೈಸೇರಲು ಶುರುವಾದದ್ದು 2022ರಲ್ಲಿ. ಅಷ್ಟು ದಿನ ಹೊಲಿದ ಅಂಗಿಗಳೆಲ್ಲ ಯಾರದೋ ಮೈಮೇಲೆ ಇವೆ.

ಹಾಗಾದರೆ ತೊಟ್ಟವನದು ತಪ್ಪೇ? ಚೇತನವೇ ಕಮ್ಮ, ಉದ್ದೇಶವೇ ಕರ್ಮ ಎಂದವರು ಬುದ್ಧರು. ನನಗೆ ಗೊತ್ತಿರಲಿಲ್ಲ, ಕಿತ್ತುಕೊಳ್ಳುವ ಉದ್ದೇಶವೂ ಇರಲಿಲ್ಲ. ಈ ವಾದದಲ್ಲಿ ಹುರುಳಿದೆ. ನಾನೂ ಎರಡು ದಿನ ಇದನ್ನೇ ಹಿಡಿದುಕೊಂಡು ಕೂತಿದ್ದೆ. ಅದನ್ನು ಸಡಿಲ ಮಾಡಿದ್ದು ಅಮೆರಿಕದ ವಿದ್ಯಾರ್ಥಿಗಳ ಒಂದು ಹಳೆಯ ಕಥೆ.

ಅಲ್ಲಿ ವಿಶ್ವವಿದ್ಯಾಲಯದ ಹೆಸರು ಬರೆದ ಅಂಗಿ, ಟೋಪಿಗಳಿಗೆ ದೊಡ್ಡ ಮಾರುಕಟ್ಟೆ. ವಿಶ್ವವಿದ್ಯಾಲಯ ತಾನು ಹೊಲಿಸುವುದಿಲ್ಲ. ಕಂಪನಿಗಳಿಗೆ ತನ್ನ ಹೆಸರನ್ನು ಎರವಲು ಕೊಟ್ಟು ಹಣ ಪಡೆಯುತ್ತದೆ. ಜಾರ್ಜ್‌ಟೌನ್ ಎಂಬುದು ಕ್ಯಾಥೊಲಿಕರ ವಿಶ್ವವಿದ್ಯಾಲಯ. ದುಡಿದವನಿಗೆ ನ್ಯಾಯವಾದ ಕೂಲಿ ಸಲ್ಲಬೇಕೆಂದು ಅವರ ಪೋಪ್ 1891ರಲ್ಲೇ ಬರೆದಿದ್ದರು. 1999ರ ಫೆಬ್ರವರಿಯಲ್ಲಿ ಅಲ್ಲಿನ ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯಲ್ಲಿ ಮೂರು ದಿನಕ್ಕೂ ಹೆಚ್ಚು ಕಾಲ ಧರಣಿ ಕೂತರು. ಅವರ ಮುಖ್ಯ ಬೇಡಿಕೆ ಏನು ಗೊತ್ತೇ? ಕಾರ್ಖಾನೆಗಳ ವಿಳಾಸ. ನಮ್ಮ ಹೆಸರಿನ ಬಟ್ಟೆ ಎಲ್ಲಿ ಹೊಲಿಯುತ್ತಾರೆ, ಊರು, ಬೀದಿ ಸಮೇತ ಬಹಿರಂಗವಾಗಿ ಹೇಳಿ ಎಂದರು. ವಿಳಾಸವನ್ನು ವ್ಯಾಪಾರದ ಗುಟ್ಟೆಂದು ಮುಚ್ಚಿಡುವುದು ಆಗ ವಾಡಿಕೆಯಾಗಿತ್ತು. ಅಲ್ಲಿ ನನಗೆ ಹೊಳೆಯಿತು: ಗೊತ್ತಿಲ್ಲದಿರುವುದು ಬೇರೆ, ಗೊತ್ತಾಗದಂತೆ ಕಟ್ಟಿದ ಏರ್ಪಾಟಿನಲ್ಲಿ ಹಾಯಾಗಿರುವುದು ಬೇರೆ. ಎರಡನೆಯದರಲ್ಲಿ ಚೇತನ ಇದೆ.

ಆ ಚಳವಳಿಯಿಂದ 2000ದಲ್ಲಿ ವರ್ಕರ್ ರೈಟ್ಸ್ ಕನ್ಸಾರ್ಷಿಯಂ ಎಂಬ ತನಿಖಾ ಸಂಸ್ಥೆ ಹುಟ್ಟಿತು. ಬಾಬಾಸಾಹೇಬರು ಓದಿದ ಕೊಲಂಬಿಯಾ ವಿಶ್ವವಿದ್ಯಾಲಯವೂ ಅದರ ಸದಸ್ಯ. ಇದೇ ಸಂಸ್ಥೆ 2018ರಲ್ಲಿ ನಮ್ಮ ಬೆಂಗಳೂರಿನ ಕಾರ್ಖಾನೆಯೊಂದರ ಬಗ್ಗೆ ವರದಿ ಕೊಟ್ಟಿತು. ಕೂಲಿ ಹೆಚ್ಚಿಸಿ ಎಂದು ಅರ್ಜಿ ಕೊಟ್ಟು ಸಂಘ ಕಟ್ಟಿದವರನ್ನು ಹೊಡೆದು, ಜಾತಿ ಹಿಡಿದು ಬೈದು, 15 ಜನರನ್ನು ಹೊರಗೆ ಹಾಕಿದ್ದರು. ಜಾತಿ ಹಿಡಿದು! ಹೊಲಿದ ಅಂಗಿ ಸಮುದ್ರ ದಾಟುತ್ತದೆ, ಹೊಲಿದವಳನ್ನು ಕರೆಯುವ ಹೆಸರು ಮಾತ್ರ ಹಳೆಯದೇ. ಆ ವರದಿಯ ನಂತರ ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡರು.

ಕೊಳ್ಳುವುದನ್ನು ಬಿಟ್ಟರೆ ಬಡವರ ಕೆಲಸವೇ ಹೋಗುತ್ತದಲ್ಲ ಎಂದು ಕೆಲವರು ಕೇಳಬಹುದು. ನಿಜವಾದ ಭಯವೇ. 2009ರಲ್ಲಿ ಹೊಂಡುರಾಸ್ ದೇಶದಲ್ಲಿ ಕಾರ್ಮಿಕರು ಸಂಘ ಕಟ್ಟಿದ್ದಕ್ಕೆ ಕಂಪನಿ ಕಾರ್ಖಾನೆಯನ್ನೇ ಮುಚ್ಚಿತು. ಆ ಕಾರ್ಮಿಕರ ಪರವಾಗಿ ವಿದ್ಯಾರ್ಥಿಗಳು ಒತ್ತಾಯಿಸಿ, ಒಂದಾದ ಮೇಲೊಂದು ವಿಶ್ವವಿದ್ಯಾಲಯ ಆ ಕಂಪನಿಯ ಒಪ್ಪಂದ ಕೈಬಿಟ್ಟಿತು. ಸುಮಾರು 1,200 ಜನರಿಗೆ ಮತ್ತೆ ಕೆಲಸ ಕೊಡಲು ಕಂಪನಿ ಅದೇ ನವೆಂಬರ್‌ನಲ್ಲಿ ಒಪ್ಪಿತು. ದುಡಿಯುವವರನ್ನು ಕೇಳಿ ಹೆಜ್ಜೆ ಇಟ್ಟದ್ದರಿಂದ ಆದದ್ದು ಅದು.

ವಿನಯದಲ್ಲಿ ಒಂದು ಪ್ರಸಂಗವಿದೆ. ಆನಂದರಿಗೆ ಐನೂರು ವಸ್ತ್ರ ದಾನವಾಗಿ ಬಂದಾಗ, ಇಷ್ಟು ಬಟ್ಟೆ ಏನು ಮಾಡುತ್ತೀರಿ ಎಂದು ಉದೇನ ರಾಜ ಕೇಳಿದ. ಚೀವರ ಹಳತಾದರೆ ಹಾಸಿಗೆ ಹೊದಿಕೆ, ಅದು ಹಳತಾದರೆ ನೆಲಹಾಸು, ಕಾಲೊರೆಸು, ಕೊನೆಗೆ ಮಣ್ಣಿಗೆ ಕಲಸಿ ನೆಲ ಮೆತ್ತಲು, ಹೀಗೆ ಆನಂದರು ಬೇಸರವಿಲ್ಲದೆ ಲೆಕ್ಕ ಒಪ್ಪಿಸಿದರು. ಬಟ್ಟೆಯ ಲೆಕ್ಕ ಕೇಳುವುದು ಅಮರ್ಯಾದೆ ಅನ್ನಿಸಲಿಲ್ಲ ಅವರಿಗೆ. ರಾಜ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ, ನಾವು ಎಲ್ಲಿಂದ ಬಂತು ಎಂದು ಕೇಳಬೇಕಿದೆ. ನಮ್ಮ ಅಂಗಿಯ ಮೇಲಿರುವುದು ವಾರಕ್ಕೆ 48 ಗಂಟೆಯ ದುಡಿಮೆಗಾಗಿ ಕಾನೂನು ತಂದವರ ಚಿತ್ರ. ಅವರ ಪರವಾಗಿ ಕೇಳಲು ನಮ್ಮನ್ನು ಬಿಟ್ಟು ಇನ್ಯಾರಿದ್ದಾರೆ?

ನಿನ್ನೆ ಅಂಗಡಿಗೆ ಫೋನ್ ಮಾಡಿದೆ. "ತಿರುಪ್ಪೂರಿಂದ ಬರುತ್ತೆ ಸಾರ್, ಯಾರು ಹೊಲಿದ್ರೋ ನಮಗೇನು ಗೊತ್ತು" ಎಂದರು. ಆಮೇಲೆ ಆ ಅಕ್ಕನಿಗೆ ಫೋನ್ ಮಾಡಿದೆ. ಬಟ್ಟೆ ತಂದುಕೊಟ್ಟರೆ ತಾವು ನಾಲ್ಕು ಜನ ರಜೆಯ ದಿನ ಹೊಲಿಯುತ್ತೇವೆ, ಕೂಲಿಯನ್ನು ಮಾತ್ರ ತಾವೇ ಹೇಳುತ್ತೇವೆ ಎಂದರು. ನನ್ನ ಲೆಕ್ಕಕ್ಕೆ ಅಂಗಿಗೆ 190 ಆಗುತ್ತದೆ. ನಮ್ಮಲ್ಲಿ ಕೆಲವರಿಗೆ ಅದು ಭಾರ. ಬಟ್ಟೆ ನೇಯ್ದವರು ಯಾರು ಎಂಬುದಂತೂ ಆಗಲೂ ತಿಳಿಯುವುದಿಲ್ಲ.

ಅಂಗಡಿಗೆ ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ. ಭಾನುವಾರ ಹತ್ತೂವರೆಗೆ ವಂದನೆ ಆದ ಮೇಲೆ ಇದೇ ಮೊದಲ ವಿಷಯ. ಮೊದಲು ಆ ಅಕ್ಕನೇ ಮಾತಾಡುತ್ತಾರೆ, ಎಲ್ಲರೂ ತಪ್ಪದೆ ಬನ್ನಿ.

ಭವತು ಸಬ್ಬ ಮಂಗಲಂ.