ಖಡ್ಗದ ಸಹಿ ಮತ್ತು ಪ್ರಮಾಣ

ಜಪಾನಿನ ಹಳೆಯ ಖಡ್ಗಗಳಲ್ಲಿ ಕಮ್ಮಾರನ ಸಹಿ ಇರುವುದು ಹಿಡಿಯೊಳಗೆ ಅಡಗುವ ಬುಡದ ಮೇಲೆ, ಉಳಿಯಿಂದ ಕೆತ್ತಿದ ಅಕ್ಷರಗಳಲ್ಲಿ. ಹೆಸರಿದ್ದ ಮಾತ್ರಕ್ಕೆ ಖಡ್ಗ ಅವನದೇ ಎನ್ನಬಹುದೇ? ಭಾರತೀಯ ತರ್ಕದ ಮಾತಿನಲ್ಲಿ ಇದು ಶಬ್ದ (ನಂಬಬಹುದಾದ ಹೇಳಿಕೆ) ಮತ್ತು ಪ್ರತ್ಯಕ್ಷ (ಕಣ್ಣಾರೆ ಕಂಡದ್ದು) ಎಂಬ ಎರಡು ಪ್ರಮಾಣಗಳ ನಡುವಿನ ವ್ಯಾಜ್ಯ.

ಪರೀಕ್ಷಕರ ಸಂಪ್ರದಾಯ ಪ್ರತ್ಯಕ್ಷದ ಪರ. ‘ಕಾಂತೇಯ್’ ಅಭ್ಯಾಸದಲ್ಲಿ ಬುಡವನ್ನು ಮುಚ್ಚಿಟ್ಟು, ಅಲಗಿನ ಬಾಗು, ಉಕ್ಕಿನ ಮೈಯ ಎಳೆ, ಹದ ಹಾಕಿದ ಅಂಚಿನ ಗೆರೆ ಇಷ್ಟನ್ನೇ ನೋಡಿ ಕಾಲ, ಪಂಥ, ಕಮ್ಮಾರ ಯಾರೆಂದು ಹೇಳಬೇಕು. ಸಹಿ ಕೊನೆಯ ಸಾಕ್ಷಿ. ಅದಕ್ಕೂ ಪಾಟೀಸವಾಲು ತಪ್ಪದು. ಉಳಿಯ ಪೆಟ್ಟಿನ ರೀತಿ, ಅಕ್ಷರದೊಳಗಿನ ತುಕ್ಕಿನ ಬಣ್ಣ ಎರಡೂ ಹೊಂದಬೇಕು. ಬುಡದ ತುಕ್ಕನ್ನು ಉಜ್ಜಿ ತೆಗೆಯುವುದು ಅದಕ್ಕೇ ನಿಷಿದ್ಧ. 17ನೆಯ ಶತಮಾನದ ಕಮ್ಮಾರ ಕೊತೆತ್ಸುವಿನ ಹೆಸರಲ್ಲಂತೂ ನಕಲಿ ಸಹಿಗಳು ಹೇರಳ.

ಮಹಾ ಕಮ್ಮಾರ ಮಾಸಾಮುನೆಯ ಸಹಿಯೋ ತೀರ ವಿರಳ. ಉದ್ದನೆಯ ಅಲಗನ್ನು ಬುಡದ ಕಡೆಯಿಂದ ಮೊಟಕುಗೊಳಿಸಿದಾಗ ಸಹಿಯೇ ಕತ್ತರಿಸಿಹೋದದ್ದೂ ಉಂಟು. ಅಂಥವಕ್ಕೆ ಹೊನ್‌ಆಮಿ ಮನೆತನದ ಪರೀಕ್ಷಕರು ಚಿನ್ನದ ಅಕ್ಷರಗಳಲ್ಲಿ ಹೆಸರು ಕೂಡಿಸಿದರು, ತೀರ್ಪೇ ಸಹಿಯಾಯಿತು. ಗುರುವಿನ ಒಪ್ಪಿಗೆಯಿಂದ ಶಿಷ್ಯ ಕೆತ್ತಿದ ಗುರುನಾಮವನ್ನು ಮಾತ್ರ ಯಾರೂ ಸುಳ್ಳೆನ್ನುವುದಿಲ್ಲ. ಅಲ್ಲಿ ಕರ್ತೃತ್ವಕ್ಕೆ ಕೈಗಿಂತ ಅನುಮತಿಯೇ ಆಧಾರ. ಒಳ್ಳೆಯ ಅಲಗಿನ ಮೇಲೆ ಸುಳ್ಳು ಹೆಸರಿದ್ದರೆ ಮಾಲೀಕರು ಅದನ್ನು ಅಳಿಸಿ, ಹೆಸರಿಲ್ಲದ ಖಡ್ಗವನ್ನೇ ಮರುಪರೀಕ್ಷೆಗೆ ಒಪ್ಪಿಸುವುದುಂಟು.