ಲಕ್ಷ್ಮಣ ಯಾಕೆ ನರಕಕ್ಕೆ ಹೋದ?

ರಾಮನವಮಿ ಬಂದರೆ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಬೀದಿಗಳಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ. ಸಾಲಲ್ಲಿ ನಿಂತ ಯಾರನ್ನೇ ಕೇಳಿ, ರಾವಣನನ್ನು ಕೊಂದದ್ದು ರಾಮ ಅಂತಾರೆ. ಆದರೆ ಸುಮಾರು 900 ವರ್ಷಗಳ ಹಿಂದೆ ನಾಗಚಂದ್ರ ಕನ್ನಡದಲ್ಲಿ ಬರೆದ ಜೈನ ರಾಮಾಯಣದಲ್ಲಿ ಕೊಲ್ಲುವವನು ಲಕ್ಷ್ಮಣ. ರಾವಣ ಎಸೆದ ಚಕ್ರ ಅವನನ್ನು ಕೊಲ್ಲದೆ ಅವನ ಕೈ ಸೇರುತ್ತೆ. ಅದೇ ಚಕ್ರದಿಂದ ರಾವಣನ ಸಾವು.

ಯಾಕೆ ಹೀಗೆ? ಜೈನ ಪರಂಪರೆಯಲ್ಲಿ ರಾಮ ಬಲದೇವ, ಲಕ್ಷ್ಮಣ ವಾಸುದೇವ, ರಾವಣ ಪ್ರತಿವಾಸುದೇವ. ಪ್ರತಿವಾಸುದೇವನನ್ನು ಕೊಲ್ಲೋದು ವಾಸುದೇವನ ಪಾಲಿಗೆ ಬಂದ ಕೆಲಸ. ರಾಮ ಕೊನೆಗೆ ದೀಕ್ಷೆ ತಗೊಂಡು ಮೋಕ್ಷ ಪಡೀತಾನೆ. ಲಕ್ಷ್ಮಣನಿಗೆ ನರಕ.

ಇದೆಂಥ ಅನ್ಯಾಯ ಅನ್ನಿಸಬಹುದು. ಹೆಂಡತಿಯನ್ನು ಕಳಕೊಂಡವನು ಅಣ್ಣ, ಯುದ್ಧ ಅಣ್ಣನದು, ನರಕ ಮಾತ್ರ ತಮ್ಮನಿಗಾ? ಆದರೆ ನನಗೆ ಈ ಕಥೆಯಲ್ಲಿ ಒಂದು ಪ್ರಾಮಾಣಿಕತೆ ಕಾಣುತ್ತೆ. ಯುದ್ಧ ನ್ಯಾಯದ್ದೇ ಆದರೂ ಕೊಲೆಗೆ ಬೆಲೆ ಇದೆ, ಒಬ್ಬನ ಕೈ ಶುಚಿಯಾಗಿ ಉಳಿದರೆ ಆ ಬೆಲೆಯನ್ನು ಇನ್ಯಾರೋ ಕಟ್ಟಿರ್ತಾರೆ. ಕಥೆ ಇದನ್ನು ಮುಚ್ಚಿಡಲ್ಲ. ನಾವು ಮುಚ್ಚಿಡ್ತೀವಿ. ಲೇಆಫ್ ಪಟ್ಟಿ ಮಾಡಿದವರು ಮೇಲಿನ ಮಹಡಿಯಲ್ಲಿ ಇರ್ತಾರೆ, ಅದನ್ನು ಎದುರು ಕೂತು ಹೇಳಿ ಶಾಪ ಹಾಕಿಸಿಕೊಳ್ಳೋದು ಎಚ್‌ಆರ್‌ನ ಹೊಸ ಹುಡುಗಿ. ಊರಲ್ಲಿ ಜಮೀನಿನ ವ್ಯಾಜ್ಯಕ್ಕೆ ಕೋರ್ಟು ಅಲೆಯುವ ತಮ್ಮ ಇರೋದರಿಂದಲೇ ಬೆಂಗಳೂರಿನ ಅಣ್ಣ ‘ನನಗೆ ಜಗಳ ಅಂದ್ರೆ ಆಗಲ್ಲಪ್ಪ’ ಅನ್ನಬಲ್ಲ.

ಹಾಗಾದರೆ ಬೇರೆ ದಾರಿ ಇಲ್ವಾ? 1967ರ ಜ್ಞಾನಪೀಠ ತಂದುಕೊಟ್ಟ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಕುವೆಂಪು ಒಂದು ದಾರಿ ತೋರಿಸಿದ್ದಾರೆ. ವಾಲ್ಮೀಕಿಯಲ್ಲಿ ಸೀತೆ ಒಬ್ಬಳೇ ಬೆಂಕಿಗೆ ಇಳೀತಾಳೆ, ರಾಮ ನೋಡ್ತಾ ನಿಂತಿರ್ತಾನೆ. ಕುವೆಂಪು ಅವರ ರಾಮ ಅವಳ ಹಿಂದೆಯೇ ತಾನೂ ಬೆಂಕಿಗೆ ಇಳೀತಾನೆ. ಇಲ್ಲಿ ಅಗ್ನಿಪರೀಕ್ಷೆ ರದ್ದಾಗಿಲ್ಲ, ಇನ್ನೊಬ್ಬರ ತಲೆಗೂ ಹೋಗಿಲ್ಲ, ಅದು ಇಬ್ಬರದಾಯ್ತು. ಸೀತೆ ಹೇಗೂ ಗೆದ್ದು ಬರುವವಳೇ. ನನ್ನ ಪ್ರಕಾರ ಈ ಕಥೆಯಲ್ಲಿ ಗತಿ ಬದಲಾದದ್ದು ರಾಮನದು.

ಒಂದು ಪಾತ್ರದ ಗತಿ ಬದಲಾಯಿಸುವ ಕವಿಗೆ ಇಷ್ಟೊಂದು ಆಯ್ಕೆ ಇದೆ. ನಮಗಿರೋದು ಸಣ್ಣವು. ಜಗಳ ಆಗದ ಅಣ್ಣ, ತಮ್ಮನ ಲಾಯರಿಗೆ ಗೂಗಲ್ ಪೇ ಮಾಡಿ ಕೈ ತೊಳೆದುಕೊಳ್ಳಬಹುದು. ಅಥವಾ ಕೇಸಿನ ಮುಂದಿನ ಡೇಟಿಗೆ ರಜೆ ಹಾಕಿ, ರಾತ್ರಿ ಬಸ್ಸು ಹತ್ತಿ, ಕೋರ್ಟಿನ ವರಾಂಡದಲ್ಲಿ ಅವನ ಪಕ್ಕ ನಿಲ್ಲಬಹುದು.